ಸೀತಾಂಗೋಳಿಯ ಥಿನ್ನರ್ ಗೋಪುರಕ್ಕೆ, ಗೋಡೆಯ ಈಚೆಯಿಂದ

ಪರಿಶುದ್ಧತೆಯ ಪ್ರತಿಮೂರ್ತಿಗಳೂ, ತೆಂಗಿನ ಮರಕ್ಕೆ ಸವಾಲೆಸೆಯುವ ಸ್ಟೀಲಿನ ಮೈಯವರೂ, ನಮ್ಮ ಇಡೀ ಓಣಿಯ ಮೂಗುಗಳ ಏಕೈಕ ಒಡೆಯರೂ ಆದ ಮಾನ್ಯ ಬಟ್ಟಿ ಗೋಪುರದವರೇ, ತಮ್ಮ ಕಾಂಪೌಂಡಿನ ಕೆಳಗಿನ ಶೆಡ್ಡಿನಲ್ಲಿ ಹಲಸಿನಕಾಯಿ ಸೋಂಟೆ, ಅಂದರೆ ಚಿಪ್ಸು, ಕರಿದು ಮಾರುವ ಪರಮೇಶ್ವರಿ ಎಂಬವಳ ಸವಿನಯ ನಮಸ್ಕಾರಗಳು.

ತಾವು ಇಲ್ಲಿಗೆ ದಯಮಾಡಿಸಿದಾಗ ನನ್ನ ಬಾಣಲೆಗೆ ಆಗಲೇ ಹತ್ತು ವರ್ಷ ಪ್ರಾಯ. ಬಟ್ಟಿ ಇಳಿಸುವ ಕಂಪನಿ ಬಂತಂತೆ ಎಂದು ಕೇಳಿ ನಮ್ಮ ಓಣಿಯ ಬಟ್ಯಣ್ಣ ಮೊದಲ ದಿನವೇ ಖಾಲಿ ಬಾಟಲಿ ಹಿಡಿದು ಗೇಟಿನಲ್ಲಿ ನಿಂತಿದ್ದು ತಮಗೆ ನೆನಪಿರಬಹುದು. ಪೈಂಟಿನವರೂ ಪ್ರೆಸ್ಸಿನವರೂ ಬಳಸಿ ಕೊಳಕು ಮಾಡಿದ ಥಿನ್ನರನ್ನು ತಾವು ಕುದಿಸುತ್ತೀರಿ, ಅದರ ಆವಿಯನ್ನು ಮೇಲಕ್ಕೇರಿಸಿ ತಣ್ಣೀರಿನ ಕೊಳವೆಗಳಿಂದ ತಣಿಸಿ ಮತ್ತೆ ದ್ರವವಾಗಿಸುತ್ತೀರಿ, ಕೊಳಕೆಲ್ಲ ತಳದಲ್ಲಿ ಉಳಿದು ಶುದ್ಧವಾದದ್ದು ಮಾತ್ರ ಡ್ರಮ್ಮಿಗೆ ಇಳಿಯುತ್ತದೆ ಎಂದು ತಮ್ಮ ಆಪರೇಟರ್ ಪ್ರವೀಣ್ ವಿವರಿಸಿದ ಮೇಲೆ ಬಟ್ಯಣ್ಣ, "ಛೆ, ಇಷ್ಟು ದೊಡ್ಡ ಬಟ್ಟಿ, ಒಂದು ತೊಟ್ಟೂ ಕುಡಿಲಿಕ್ಕೆ ಆಗುದಿಲ್ವಾ ಮಾರಾಯ!" ಎಂದು ಮರುಗುತ್ತ ಹಿಂತಿರುಗಿದರು. ನಾನು ಮಾತ್ರ ಮರುಗಲಿಲ್ಲ, ಮೆಚ್ಚಿದೆ. ಕೊಳಕನ್ನು ಶುದ್ಧ ಮಾಡುವವರು ನೆರೆಯಲ್ಲಿರುವುದು ಪುಣ್ಯವಲ್ಲವೇ? ನನ್ನ ಸೋಂಟೆಗೆ ಆಗಾಗ ಹೊಸದಾಗಿ ಪೈಂಟ್ ಬಳಿದ ಬಾಗಿಲಿನ ಪರಿಮಳ ಬರುತ್ತದೆಂದು ಗಿರಾಕಿಗಳು ದೂರಿದಾಗಲೂ, ಅದು ನೆರೆಯವರ ಪ್ರೀತಿ ಎಂದೇ ಸಮಾಧಾನ ಹೇಳಿದ್ದೇನೆ.

ಆದರೆ ಮಾನ್ಯರೇ, ಕಳೆದ ಏಪ್ರಿಲಿನ ಆ ಮಧ್ಯಾಹ್ನ ತಾವು ತೋರಿದ ಪ್ರೀತಿ ಸ್ವಲ್ಪ ಅತಿಯಾಯಿತು.

ಅಂದು ನಾನೂ ಸೌಮ್ಯಶ್ರೀಯೂ ವಿಷುವಿನ ಆರ್ಡರಿಗೆ ಕರಿಯುತ್ತಿದ್ದೆವು. ಅವಳು ನನ್ನ ಜೊತೆ ಕೆಲಸ ಮಾಡುವವಳು, ನನಗಿಂತ ಚುರುಕು. ಕೊಚ್ಚಿದ ಹಲಸಿನ ಬುಟ್ಟಿ ಎತ್ತಲು ಬಗ್ಗಿದಾಗ ಥಿನ್ನರಿನ ವಾಸನೆ ಮೂಗಿಗೆ ಹೊಡೆಯಿತು. ನೆಟ್ಟಗೆ ನಿಂತರೆ ಕಡಿಮೆ, ಬಗ್ಗಿದರೆ ಕಣ್ಣು ಉರಿ. ತಮ್ಮ ಆವಿ ಗಾಳಿಗಿಂತ ಭಾರ, ಅದು ನೆಲ ಹಿಡಿದು ತಗ್ಗಿಗೆ ಹರಿಯುತ್ತದೆ ಎಂದು ಪ್ರವೀಣ್ ಯಾವತ್ತೋ ಹೇಳಿದ್ದ. ತಗ್ಗಿನಲ್ಲಿರುವುದು ನಾನು, ನನ್ನ ಮುಂದೆ ಇದ್ದದ್ದು ಬೆಂಕಿ. ಗ್ಯಾಸಿನ ರೆಗ್ಯುಲೇಟರ್ ತಿರುಗಿಸಿ ಒಲೆ ನಂದಿಸಿದೆ. ವಾಸನೆ ಹೋಗಲೆಂದು ಸೌಮ್ಯಶ್ರೀ ಫ್ಯಾನಿನ ಸ್ವಿಚ್ಚಿಗೆ ಕೈ ಚಾಚಿದ್ದಳು.

"ಮುಟ್ಟಬೇಡ! ಕಿಡಿ ಹಾರಿದ್ರೆ ನಾವಿಬ್ರೂ ಇಲ್ಲ!"

ಅವಳ ಕೈ ಗಾಳಿಯಲ್ಲೇ ನಿಂತಿತು. ಅವಳನ್ನು ಎಳೆದುಕೊಂಡು ಹೊರಗೆ ಓಡಿದೆ. ಗೋಡೆಯ ಆಚೆಯಿಂದ ಪ್ರವೀಣ್ ಕೂಗುತ್ತಿದ್ದ: "ಅಕ್ಕಾ, ತಣ್ಣೀರಿನ ಪಂಪ್ ನಿಂತಿದೆ! ಹೀಟರ್ ಆಫ್ ಮಾಡಿದೆ, ಆದ್ರೂ ಒಳಗೆ ಕುದಿತಾ ಉಂಟು, ಆವಿ ತಣಿಯದೆ ಬುಸುಗುಟ್ಟಿ ಹೊರಗೆ ಬರ್ತಾ ಉಂಟು. ನೀರು ಬೇಕು!"

ನನ್ನ ಶೆಡ್ಡಿನ ಮಾಡಿನ ಮೇಲೆ, ತಮ್ಮ ಗೋಡೆಗಿಂತಲೂ ಎತ್ತರದಲ್ಲಿ ಒಂದು ಟ್ಯಾಂಕಿ ಉಂಟು, ಅದರ ನೀರು ಇಳಿಯಲು ಪಂಪು ಬೇಡ. ತೋಟದ ಪೈಪನ್ನು ಗೋಡೆಯ ಮೇಲಿಂದ ಎಸೆದೆವು, ಅವನು ಒದ್ದೆ ಬಟ್ಟೆಯನ್ನು ಮುಖಕ್ಕೆ ಕಟ್ಟಿಕೊಂಡು ಅದನ್ನು ತಮ್ಮ ತಣಿಸುವ ಕೊಳವೆಗೆ ಸಿಕ್ಕಿಸಿದ. ಟ್ಯಾಂಕಿ ಖಾಲಿಯಾಗುವ ಹೊತ್ತಿಗೆ ತಮ್ಮ ಬುಸುಗುಟ್ಟುವಿಕೆ ನಿಂತಿತು. ಸೌಮ್ಯಶ್ರೀ ರಸ್ತೆ ಬದಿಯಲ್ಲಿ ಕುಳಿತು ತನ್ನ ಕೈಯನ್ನೇ ನೋಡಿಕೊಂಡು ಅಳುತ್ತಿದ್ದಳು.

ಮುಂದಿನ ಬಾರಿ ಉಸಿರು ಕಟ್ಟುವುದಾದರೆ ದಯವಿಟ್ಟು ಭಾನುವಾರ ಕಟ್ಟಿಕೊಳ್ಳಿ, ಆವಿಯನ್ನು ಗುಡ್ಡದ ಮೇಲಕ್ಕೆ ಹತ್ತಲು ಕಲಿಸಿ, ಮತ್ತು ಬರುವ ಮೊದಲು ಒಂದು ಮಿಸ್ಡ್ ಕಾಲ್ ಕೊಡಿ ಎಂದು ವಿನಂತಿಸುತ್ತೇನೆ.

ಇಷ್ಟಾದ ಮೇಲೆ ಸನ್ಮಾನ ಬರಬಹುದೆಂದು ಸೌಮ್ಯಶ್ರೀ ಹೇಳಿದಳು. ಬಂದದ್ದು ನಮ್ಮಿಬ್ಬರಿಗೂ ವಿದ್ಯಾನಗರದ ಸರಕಾರಿ ಕಚೇರಿಗೆ ಬರಬೇಕೆಂಬ ಕರೆ. ಅಲ್ಲಿ ಅಧಿಕಾರಿಯೊಬ್ಬರು, ಬೇಗ ಹೊತ್ತಿಕೊಳ್ಳುವ ರಾಸಾಯನಿಕದ ಹತ್ತಿರ ತೆರೆದ ಬೆಂಕಿ ಇಟ್ಟಿರುವುದು ಅಪಾಯವೆಂದೂ, ಆದ್ದರಿಂದ ಒಲೆಯನ್ನು ಅಲ್ಲಿಂದ ಎತ್ತಬೇಕೆಂದೂ ಬಹಳ ಸೌಜನ್ಯದಿಂದ ತಿಳಿಸಿದರು. ಅವರ ನ್ಯಾಯವನ್ನು ಮೆಚ್ಚದೆ ಇರಲು ನನ್ನಿಂದಾಗಲಿಲ್ಲ. ಹುಲಿ ಬಂದು ಕೂತ ಮೇಲೆ ಹಟ್ಟಿಯ ಹಸುವೇ ಅತಿಕ್ರಮಣಕಾರ. ಪಕ್ಕದಲ್ಲಿ ಕುಳಿತಿದ್ದ ತಮ್ಮ ಮಾಲೀಕರಾದ ಕೇಶವಪ್ರಸಾದರು ಕಿಟಕಿಯಾಚೆ ನೋಡುತ್ತಿದ್ದರು. ಸೌಮ್ಯಶ್ರೀಗೂ ನನಗೂ ಬೇರೆ ಅನ್ನವಿಲ್ಲ ಎಂದಷ್ಟೇ ಹೇಳಿದೆ.

ಆಗ ಮೂಲೆಯಲ್ಲಿದ್ದ ಪ್ರವೀಣ್ ಎದ್ದ. "ಸಾರ್, ಬೆಂಕಿ ಅವರದ್ದು ಹೌದು. ನಂದಿಸಿದ್ದೂ ಅವರೇ. ನಮ್ಮ ಪಂಪ್ ವಾರದಿಂದ ಮುಷ್ಕರ ಮಾಡ್ತಾ ಇತ್ತು. ನಾನು ಹೇಳಿದ್ದೆ, ಈ ತಿಂಗಳು ಹೀಗೇ ಓಡಿಸು ಅಂದ್ರು."

ಅಂದವರು ಯಾರೆಂದು ಅಧಿಕಾರಿಗಳು ಕೇಳುವ ಮೊದಲೇ ಕೇಶವಪ್ರಸಾದರ ಮುಖ ಉತ್ತರ ಹೇಳಿತು. ಅವರು, "ಹೌದು, ನಾನೇ ಅಂದದ್ದು," ಎಂದರು. ಒಪ್ಪಿಕೊಂಡದ್ದಕ್ಕೆ ಅವರಿಗೊಂದು ನಮಸ್ಕಾರ. ಇನ್ನೊಂದು ಪಂಪೂ, ಎತ್ತರದಲ್ಲೊಂದು ನೀರಿನ ಟ್ಯಾಂಕಿಯೂ, ತಗ್ಗಿನ ಕಡೆ ಒಂದು ಆವಿ ಪತ್ತೆ ಮಾಡುವ ಯಂತ್ರವೂ ಬರುವವರೆಗೆ ತಮಗೆ ಬೀಗ ಬಿತ್ತು. ನನ್ನ ಒಲೆ ಇದ್ದಲ್ಲೇ ಉಳಿಯಿತು. ಪ್ರವೀಣನ ಕೆಲಸ ಹೋಗುತ್ತದೆಂದು ನಾನು ಹೆದರಿದ್ದೆ. ಮೆಟ್ಟಿಲಿಳಿಯುವಾಗ ಮಾಲೀಕರು ಅವನ ಹತ್ತಿರ ಬಂದು, "ಯಾವ ಪಂಪ್ ತರಬೇಕು, ನೀನೇ ಹೇಳು ಮಾರಾಯ," ಎಂದದ್ದನ್ನು ನನ್ನ ಕಿವಿಯಾರೆ ಕೇಳಿದೆ. ಬಸ್ಸಿನಲ್ಲಿ ಬರುವಾಗ ಸೌಮ್ಯಶ್ರೀ ಬಹಳ ದಿನಗಳ ಮೇಲೆ ನಕ್ಕಳು.

ಸೋಮವಾರ ತಾವು ಮತ್ತೆ ಕುದಿಯಲಿದ್ದೀರೆಂದು ತಿಳಿಯಿತು. ಆರೋಗ್ಯವಾಗಿ ಕುದಿಯಿರಿ.

ಗೋಡೆಯ ಈಚೆ, ತಗ್ಗಿನಲ್ಲಿ ವಾಸವಾಗಿರುವ,
ತಮ್ಮ ವಿಶ್ವಾಸಿ,
ಪರಮೇಶ್ವರಿ

ತಾ.ಕ.: ಪುನರಾರಂಭದ ಪೂಜೆಗೆ ಆಮಂತ್ರಣ ತಲುಪಿತು, ವಂದನೆಗಳು. ತಮ್ಮ ಪಾದದಲ್ಲೇ ಹೋಮ, ಬಳಿಕ ಕರ್ಪೂರದಾರತಿ ಎಂದು ಅದರಲ್ಲಿ ಬರೆದಿದೆ. ಆ ಹೊತ್ತಿಗೆ ನನಗೆ ದೂರದ ನಾಯ್ಮಾರ್ಮೂಲೆಯಲ್ಲಿ ತುರ್ತು ಕೆಲಸ ಉಂಟು. ಪ್ರಸಾದ ಉಳಿದರೆ, ಮತ್ತು ತಾವು ಉಳಿದರೆ, ಕಳುಹಿಸಿಕೊಡಿ.