ಆಮೆನ್ ಹೇಳುವ ತನಕ

ಎಲ್ಲಕ್ಕೂ ಮೂಲ ಒಂದು ಕುಶಲಪ್ರಶ್ನೆ. ಕುರುಬರ ವೇಷ ತೊಟ್ಟು ಗುಡ್ಡದಿಂದಿಳಿದ ಎಂಟು ಮಂದಿ, ಕಾವಲು ಸಿಪಾಯಿಗಳನ್ನು ಕಂಡು, "ಮನೆಮಂದಿ ಚೆನ್ನಾಗಿದ್ದಾರಾ?" ಎಂದುಬಿಟ್ಟರು. ನಾರಿನ್ ಸೀಮೆಯಲ್ಲಿ ನಿಜವಾದ ಕುರುಬ ಮೊದಲು ಕುರಿ ಕುದುರೆಗಳ ಕ್ಷೇಮ ಕೇಳುತ್ತಾನೆ, ಮನುಷ್ಯರದು ಆಮೇಲೆ. ಸಿಪಾಯಿಗಳು ಎಂಟೂ ಜನರ ಕೈಕಟ್ಟಿ ಕೂರಿಸಿದರು.

ಸಿಕ್ಕಿಬಿದ್ದವರು ಶತ್ರುಗಳಲ್ಲ, ಸೇನೆಯ ವಿಶೇಷ ಪಡೆಯವರೇ. ಅವರ ನಾಯಕ ಕ್ಯಾಪ್ಟನ್ ತಿಲೆಕ್. ಕಟ್ಟಿಹಾಕಿದ್ದು ಲೆಫ್ಟಿನೆಂಟ್ ಒರೋಜ್‌ನ ಇಪ್ಪತ್ತು ಜನರ ಸಾಮಾನ್ಯ ದಳ. ಇವರಿಬ್ಬರೂ ಕೂಡಿ, ಹುಲ್ಲುಗಾವಲಿನ ಜನರ ನಡುವೆ ಅಡಗಿರುವ ಬಂಡುಕೋರರ ಮುಖಂಡನನ್ನು ಹಿಡಿಯಬೇಕೆಂಬುದೇ ಆ ಸಮರಾಭ್ಯಾಸ. ಮುಖಂಡನ ಪಾತ್ರ ಯಾರದೆಂದು ಕರ್ನಲ್ ಒಬ್ಬರಿಗೇ ಗೊತ್ತು. ಎರಡು ಪಡೆಗಳ ನಡುವಿನ ಕೊಂಡಿ, ಪಾಪ, ಸಾರ್ಜೆಂಟ್ ಎಸೆನ್‌ಕುಲ್.

ಅವನಿಗೆ ನಾಳೆ ಊರು ಸೇರಬೇಕಿತ್ತು. ಒಂಬತ್ತು ವರ್ಷ ಕಾಯಿಸಿ ದೇವರು ಹೆಣ್ಣುಮಗು ಕೊಟ್ಟಿದ್ದ. ನಾಳೆ ತೊಟ್ಟಿಲಿಗೆ ಹಾಕುವ ಶಾಸ್ತ್ರ. "ಸಂಜೆಯೊಳಗೆ ಇಬ್ಬರನ್ನೂ ಒಂದುಮಾಡಿ ಮುಖಂಡನನ್ನ ಹಿಡಿಸು, ರಜೆ ತಗೋ" ಎಂದಿದ್ದರು ಕರ್ನಲ್.

ಕಟ್ಟು ಬಿಚ್ಚಿಸುವಷ್ಟರಲ್ಲಿ ಮಧ್ಯಾಹ್ನವಾಯಿತು.

"ಈ ಮಂದೆ ಜೊತೆ ನಾವು ಕೆಲಸ ಮಾಡಲ್ಲ" ಎಂದ ತಿಲೆಕ್.

"ನೀವು ಮೊದ್ಲು ಮಂದೆ ಕ್ಷೇಮ ಕೇಳಿದ್ದಿದ್ರೆ ಆಗ್ಲೇ ಬಿಡ್ತಿದ್ವಿ" ಎಂದ ಒರೋಜ್.

ತಿಲೆಕ್ ಗುಡ್ಡದ ನೆತ್ತಿಗೆ ಹೋಗಿ ಕೂತ, ಒರೋಜ್ ತೊರೆಯ ಪಕ್ಕ. ಮೇಲಿನವರ ನಕ್ಷೆ ಗುಟ್ಟು, ಕೆಳಗಿನವರಿಗೆ ತೋರಿಸುವಂತಿಲ್ಲ. ಕೆಳಗಿನವರೋ ಲಿಖಿತ ಆದೇಶವಿಲ್ಲದೆ ಹೆಜ್ಜೆ ಕೀಳುವವರಲ್ಲ. ಎಸೆನ್‌ಕುಲ್ ಮಗ್ಗದ ಲಾಳಿಯ ಹಾಗೆ ಮೇಲಕ್ಕೂ ಕೆಳಕ್ಕೂ ಓಡಾಡಿದ.

ನಾಲ್ಕನೆಯ ಸಲ ಏದುಸಿರು ಬಿಡುತ್ತ ಇಳಿಯುವಾಗ, ಹೆಣ್ಣುಕುದುರೆಯ ಹಾಲು ಕರೆಯುತ್ತಿದ್ದ ಬುರುಲ್ ಅಪಾ ತಲೆಯೆತ್ತಿದಳು. ಎಪ್ಪತ್ತು ದಾಟಿದ ಮುದುಕಿ, ಸೀಮೆಗೆಲ್ಲ 'ಅಪಾ', ಅಂದರೆ ಅಮ್ಮ.

"ಯಾಕೋ ಮಗ, ಕರು ಕಳಕೊಂಡ ಹಸು ಥರ ಸುತ್ತುತಾ ಇದ್ದೀಯ?"

ಅವನು ತೊಟ್ಟಿಲ ಶಾಸ್ತ್ರದವರೆಗೆ ಎಲ್ಲವನ್ನೂ ಹೇಳಿಕೊಂಡ.

"ಹಸಿದ ಗಂಡಸರು ಒಂದಾದದ್ದನ್ನ ನಾನಂತೂ ಕಂಡಿಲ್ಲ. ಕುರಿ ಬೇಯ್ತಾ ಇದೆ, ಎಲ್ಲರನ್ನೂ ಕರಕೊಂಡು ಬಾ."

ಆದೇಶಕ್ಕೆ ಬಗ್ಗದವರು ಮಾಂಸದ ಘಮಕ್ಕೆ ಬಗ್ಗಿದರು. ಗುಡಾರದ ಬಾಗಿಲಲ್ಲಿ ಅಪಾ ಅಡ್ಡ ನಿಂತಳು. "ಊಟದ ಮನೆಗೆ ಬಂದೂಕು ತರ್ತಾರೇನ್ರೋ? ನಿಮ್ಮಪ್ಪಂದಿರು ಚಾವಟೀನೂ ಹೊರಗಿಟ್ಟು ಬರೋರು." ನಾಚಿಕೊಂಡು ಎಲ್ಲರೂ ಹೊರಗೇ ಇಟ್ಟರು.

ತಿಲೆಕ್, ಒರೋಜ್ ಒಂದೇ ಹರಿವಾಣಕ್ಕೆ ಕೈಹಾಕಿದರು. ಒಬ್ಬ ಮೂಳೆ ಒಡೆದುಕೊಟ್ಟ, ಇನ್ನೊಬ್ಬ ಮಜ್ಜೆ ಹೀರಿದ. ಹುಳಿಬರಿಸಿದ ಕುದುರೆಹಾಲಿನ ಕುಮಿಸ್ ಬಟ್ಟಲು ಮೂರು ಸುತ್ತು ತಿರುಗುವಷ್ಟರಲ್ಲಿ ಗುಟ್ಟಿನ ನಕ್ಷೆ ರೊಟ್ಟಿಯ ಪಕ್ಕ ಹರಡಿತ್ತು. ಎಸೆನ್‌ಕುಲ್ ಕಣ್ಣೊರೆಸಿಕೊಂಡು ಮನಸ್ಸಿನಲ್ಲೇ ದೇವರಿಗೆ ಕೈಮುಗಿದ.

ಆಮೇಲೆ ಅಪಾ ಹರಸಲೆಂದು ಅಂಗೈಗಳನ್ನು ಮೇಲೆತ್ತಿದಳು. ಹಿರಿಯರ ಹಾರೈಕೆ ಮುಗಿಯದೆ ಯಾರೂ ಏಳುವಂತಿಲ್ಲ. ಅವಳು ಏಳು ತಲೆಮಾರಿನ ಹಿರಿಯರನ್ನು ನೆನೆದಳು, ಮೊಮ್ಮಕ್ಕಳನ್ನು ನೆನೆದಳು, ಕುದುರೆಗಳನ್ನು ಬಣ್ಣ ಹಿಡಿದು ಒಂದೊಂದಾಗಿ ನೆನೆದಳು. ಹೊರಗೆ ಗೊರಸಿನ ಸದ್ದು ಕೇಳಿಸಿತು. ತಿಲೆಕ್ ಅರ್ಧ ಎದ್ದ. ಅಪಾ ಒಂದೇ ಕಣ್ಣು ತೆರೆದಳು.

"ದೇವರ ಹತ್ರ ಮಾತಾಡ್ತಾ ಇದ್ದೀನಿ. ಕೂತ್ಕೋ."

ಕೊನೆಗೂ "ಆಮೆನ್" ಬಂತು. ಎಲ್ಲರೂ ರೂಢಿಯಂತೆ ಅಂಗೈಗಳಿಂದ ಮುಖ ಸವರಿಕೊಂಡು ಹೊರಬಂದರೆ ಒಂದು ಬಂದೂಕೂ ಇಲ್ಲ. ಅಪಾಳ ಮೂವರು ಸೊಸೆಯಂದಿರು ಎಲ್ಲವನ್ನೂ ಕುದುರೆಗಳ ಮೇಲೆ ಹೇರಿಕೊಂಡು ಆಚೆ ದಿಣ್ಣೆ ಇಳಿಯುತ್ತಿದ್ದರು. ಬಾಗಿಲ ಹೊರಗೇ ಕರ್ನಲ್ ನಿಂತಿದ್ದರು. ಅಪಾ ತಲೆವಸ್ತ್ರದೊಳಗಿಂದ ಕೆಂಪು ಪಟ್ಟಿಯೊಂದನ್ನು ಎಳೆದು ತೋಳಿಗೆ ಕಟ್ಟಿಕೊಂಡಳು. ಅದು ಬಂಡುಕೋರರ ಮುಖಂಡನ ಗುರುತು.

"ಇಪ್ಪತ್ತೊಂಬತ್ತು ಕೈದಿಗಳು ಕರ್ನಲಪ್ಪ, ಎಣಿಸ್ಕೋ."

"ಸರ್, ಎರಡೂ ಪಡೆ ಒಂದಾದ್ವಲ್ಲ?" ಎಸೆನ್‌ಕುಲ್‌ನ ದನಿ ಸಣ್ಣಗಾಗಿತ್ತು.

"ಆದ್ವು. ಒಟ್ಟಿಗೇ ಸೆರೆಸಿಕ್ಕಿದ್ವು. ಕೈದಿಗಳಿಗೆ ಬಿಡುಗಡೆ ಮೂರು ದಿನದ ಮೇಲೆ."

ಅವನ ಮುಖ ನೋಡಿ ಅಪಾ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ ಮಗ, ನಿನ್ನ ಕೂಸನ್ನ ಮರೆತೇಬಿಟ್ಟೆ."

ಅವನ ಕಣ್ಣಲ್ಲಿ ಆಸೆ ಮಿನುಗಿತು.

"ಅವಳ ಹೆಸರೇ ಎತ್ತಿ ಹರಸಲಿಲ್ಲ ನೋಡು. ಕೂತ್ಕೊಳ್ಳಿ ಎಲ್ಲಾ" ಎಂದು ಮುದುಕಿ ಮತ್ತೆ ಅಂಗೈಗಳನ್ನು ಮೇಲೆತ್ತಿದಳು.

ಇಪ್ಪತ್ತೊಂಬತ್ತು ಮಂದಿಯೂ ಹುಲ್ಲಿನ ಮೇಲೆ ಕುಕ್ಕರಿಸಿದರು. ಅವರ ಜೊತೆಗೆ, ಟೋಪಿ ಸರಿಮಾಡಿಕೊಳ್ಳುತ್ತ, ಕರ್ನಲ್ಲೂ.