ನಿಲ್ಲಬಾರದ ಮೋಟರ್

ಮೂವತ್ತೊಂದು ವರ್ಷ ನಾನು ಮಾಡಿದ್ದು ಒಂದೇ ಕೆಲಸ: ಕಂಪ್ಯೂಟರುಗಳು ನಿಲ್ಲದಂತೆ ನೋಡಿಕೊಳ್ಳುವುದು. ಯಾವ ಬ್ಯಾಂಕಿನದು ನಿಂತರೂ, ಯಾವ ದೇಶದ್ದು ನಿಂತರೂ ಮೊದಲ ಫೋನು ನನಗೇ. ನಿವೃತ್ತಿಯ ದಿನ ಬಾಸ್ ಹಾರ ಹಾಕಿ, "ಇವರ ಕೈಯಲ್ಲಿದ್ದ ಯಂತ್ರ ಯಾವತ್ತೂ ನಿಂತಿಲ್ಲ" ಎಂದರು. ಹಾರ ಮೈಸೂರು ದಾಟುವಷ್ಟರಲ್ಲಿ ಬಾಡಿತು. ಆ ಮಾತನ್ನು ಮಾತ್ರ ಜೋಪಾನವಾಗಿ ಹದಿನಾರು ಎಂಬ ಈ ಹಳ್ಳಿಯವರೆಗೂ ತಂದೆ.

ಇಲ್ಲಿ ಮನೆ ಕಟ್ಟಿಸಿ, ಬೋರ್ ಹಾಕಿಸಿ, ಆರು ತಿಂಗಳು ಸುಮ್ಮನಿದ್ದೆ. ನನ್ನ ಹೆಂಡತಿ ಸುಜಾತಳ ಪ್ರಕಾರ ಅದೇ ನನ್ನ ಬಾಳಿನ ಸುವರ್ಣಯುಗ. ಆಮೇಲೆ ಬೋರಿನ ಮೋಟರ್ ನನ್ನ ಕಣ್ಣಿಗೆ ಬಿತ್ತು. ಅದನ್ನು ಮನುಷ್ಯರು ಎದ್ದು ಹೋಗಿ, ಕೈಯಾರೆ ಸ್ವಿಚ್ ಒತ್ತಿ ಓಡಿಸುತ್ತಿದ್ದರು! ನಾನಿರುವ ಮನೆಯಲ್ಲಿ!

ತಾರಸಿಯ ಟ್ಯಾಂಕಿಗೆ ಸೆನ್ಸರ್ ಕೂರಿಸಿದೆ. ನೀರು ಕಡಿಮೆಯಾದರೆ ಮೋಟರ್ ತಾನೇ ಓಡಬೇಕು, ತುಂಬಿದರೆ ತಾನೇ ನಿಲ್ಲಬೇಕು, ಸುದ್ದಿ ನನ್ನ ಫೋನಿಗೆ ಬರಬೇಕು. ಯಾರೂ ಕೈ ಹಾಕದಿರಲೆಂದು ಹಳೆಯ ಸ್ವಿಚ್ಚಿಗೆ ಕಬ್ಬಿಣದ ಪೆಟ್ಟಿಗೆ ಹೊದಿಸಿ ಬೀಗ ಜಡಿದೆ. ಫೋನಿನಿಂದ ನಿಲ್ಲಿಸಬೇಕಾದರೂ ಒಟಿಪಿ ಬೇಕು. ಅದು ಬರುವುದು ನನ್ನ ಇನ್ನೊಂದು ಹಳೆಯ ಫೋನಿಗೆ.

"ಸೆನ್ಸರೇ ಕೆಟ್ಟೋದ್ರೆ?" ಎಂದಳು ಸುಜಾತ.

"ಮೋಟರ್ ಓಡ್ತಾನೇ ಇರುತ್ತೆ. ಏನೇ ಆಗ್ಲಿ, ನಿಲ್ಲಬಾರದು. ಅದೇ ಮೊದಲ್ನೇ ಪಾಠ."

ಅವಳು ನನ್ನನ್ನು ಒಮ್ಮೆ, ಮೋಟರನ್ನು ಒಮ್ಮೆ ನೋಡಿ ಒಳಗೆ ಹೋದಳು.

ಮುಂದಿನ ಭಾನುವಾರ ತಿ. ನರಸೀಪುರದಲ್ಲಿ ಸುಜಾತಳ ಅಣ್ಣನ ಮೊಮ್ಮಗಳ ನಾಮಕರಣ. ಊಟಕ್ಕೆ ಕೂತಿದ್ದೆವು. ಎಲೆಗೆ ಪಾಯಸ ಬಿತ್ತು, ಫೋನು ಬಡಿದುಕೊಂಡಿತು. ಪಕ್ಕದ ಮನೆಯ ಮಾದೇವಮ್ಮ.

"ಸಾ, ನಿಮ್ ಟ್ಯಾಂಕು ಉಕ್ಕಿ ನಮ್ಮಂಗಳಕ್ಕೇ ಅರೀತಾ ಅದೆ! ಕಾಗೆ ವೈರ್ ಕಿತ್ಕೊಂಡು ಓಯ್ತು, ನಾನೇ ಕಂಡೆ. ಬಿತ್ನೆ ಬತ್ತ ಒಣಗಾಕಿವ್ನಿ ಸಾ! ನಮ್ಮತ್ತೆ ಕಾಲ್ದಿಂದ ಉಳಿಸ್ಕಂಡು ಬಂದಿರೋ ರಾಜಮುಡಿ. ಎಲ್ಲೂ ಸಿಕ್ಕಕಿಲ್ಲ. ಬ್ಯಾಗ ನಿಲ್ಸಿ!"

ಅಷ್ಟಕ್ಕೆ ಕರೆ ಕಡಿಯಿತು. ಮತ್ತೆ ಮಾಡಿದರೆ ಸ್ವಿಚ್ ಆಫ್.

ಫೋನಿನಲ್ಲಿ ನೋಡಿದರೆ ಹಸಿರು ದೀಪ: 'ಮೋಟರ್ ಓಡುತ್ತಿದೆ. ಎಲ್ಲವೂ ಸರಿಯಾಗಿದೆ.' ನಿಲ್ಲಿಸು ಎಂದು ಒತ್ತಿದೆ. ಒಟಿಪಿ ಕೇಳಿತು. ಹಳೆಯ ಫೋನು ಹದಿನಾರಿನ ಮೇಜಿನ ಮೇಲಿತ್ತು. ಪೆಟ್ಟಿಗೆಯ ಬೀಗದ ಕೈ ನನ್ನ ಜೇಬಿನಲ್ಲಿತ್ತು. ಭದ್ರತೆ ಎಂದರೆ ಭದ್ರತೆ! ನನ್ನಿಂದಲೂ ಭದ್ರವಾಗಿತ್ತು!

ಪಾಯಸವನ್ನು ಎಲೆಯಲ್ಲೇ ಬಿಟ್ಟು ಕಾರು ಹತ್ತಿದೆವು. ಮುಂದೆ ಒಂದು ಕಬ್ಬಿನ ಟ್ರ್ಯಾಕ್ಟರ್, ರಸ್ತೆಯೆಲ್ಲಾ ತನ್ನದೇ ಎಂಬಂತೆ. ಹಾರ್ನ್ ಹೊಡೆದೆ. ಅದರವನು ಕೈ ಬೀಸಿ ನಕ್ಕ. ಸುಜಾತ ನಿಮಿಷಕ್ಕೊಮ್ಮೆ ನನ್ನ ಫೋನು ನೋಡಿ ಓದುತ್ತಿದ್ದಳು:

"ಓಡ್ತಿದೆ. ಎಲ್ಲಾ ಸರಿಯಾಗಿದೆಯಂತೆ."

"ಸಾಕು, ಓದಬೇಡ."

"ನೀವೇ ಬರೆದಿದ್ದಲ್ವಾ?"

ದೊಡ್ಡ ದೊಡ್ಡ ಬ್ಯಾಂಕುಗಳು ನಿಂತಾಗಲೂ ನನಗೆ ಇಷ್ಟು ಭಯವಾಗಿರಲಿಲ್ಲ. ಅಲ್ಲೆಲ್ಲ ಒಂದಕ್ಕೆ ಎರಡು ನಕಲು ಇಟ್ಟಿರುತ್ತಿದ್ದೆವು. ಮಾದೇವಮ್ಮನ ಬಿತ್ತನೆಗೆ ನಕಲು ಇರಲಿಲ್ಲ.

ಮನೆ ಮುಟ್ಟಿದಾಗ ಸದ್ದೇ ಇಲ್ಲ. ಮೋಟರ್ ನಿಂತಿತ್ತು! ಫೋನು ಮಾತ್ರ ಇನ್ನೂ 'ಓಡುತ್ತಿದೆ' ಎನ್ನುತ್ತಿತ್ತು. ಮಾದೇವಮ್ಮ ಅಂಗಳದಲ್ಲಿ ಒದ್ದೆ ಭತ್ತದ ಮುಂದೆ ಕೂತಿದ್ದರು.

"ಯಾರು ನಿಲ್ಸಿದ್ರು?"

ಅವರು ಸೆರಗಿನ ಗಂಟು ಬಿಚ್ಚಿ ತೋರಿಸಿದರು. ಮೋಟರಿನ ಫ್ಯೂಸು!

"ಕಿತ್ತಾಕ್ದೆ. ನಿಮ್ ಗ್ವಾಡೇಲೇ ಅದೆಯಲ್ಲ ಸಾ, ನಿಮ್ಗೊತ್ತಿರ್ಲಿಲ್ವಾ?"

ನನಗೆ ಗೊತ್ತಿರಲಿಲ್ಲ.

"ಬಿತ್ತನೆ ಹೋಯ್ತಾ?" ಎಂದೆ.

"ನೆಂದ್ ಮ್ಯಾಕೆ ಇನ್ ಮಡಗಂಗಿಲ್ಲ. ಮೊಳ್ಕೆ ಕಟ್ಟಿ ಒಟ್ಲು ಬುಟ್ಬುಡೋದೆ. ನಾಲೆ ನೀರು ಬರಾಕೆ ಇನ್ನೂ ಅದಿನೈದು ದಿನ. ಅಲ್ಲೀಗಂಟ ಪೈರು ಒಣಗಿದ್ರೆ ಬಿತ್ನೆ ಓದಂಗೇಯ. ನೀರು ನೀವೇ ಬುಡ್ಬೇಕು ಸಾ, ನಿಮ್ ಕೈಯಾರೆ."

ಮೊಳಕೆ ಬಂದ ದಿನದಿಂದ ನನಗೆ ಡ್ಯೂಟಿ. ಕಬ್ಬಿಣದ ಪೆಟ್ಟಿಗೆ ಗುಜರಿಗೆ ಹೋಯಿತು. ಬಕೆಟ್ ಬೋರಲು ಹಾಕಿಕೊಂಡು ಸ್ವಿಚ್ಚಿನ ಪಕ್ಕ ಕೂರುತ್ತಿದ್ದೆ. ಅವರ ಹಿತ್ತಲ ಒಟ್ಟಲಿಗೆ, ಅಂದರೆ ಸಸಿ ಮಡಿಗೆ, ನಮ್ಮ ಬೋರಿನಿಂದ ಪೈಪು. ಅತ್ತಲಿಂದ ಕೂಗು: "ಸಾ, ಸಾಕು!" ನಿಲ್ಲಿಸುತ್ತಿದ್ದೆ. "ಸಾ, ಬುಡಿ!" ಬಿಡುತ್ತಿದ್ದೆ. ಪೈರು ಹಸಿರಾಗಿ ಎದ್ದಾಗ, ಸುಜಾತ ನೋಡದಿರಲೆಂದು ಅತ್ತ ತಿರುಗಿ ಕಣ್ಣೊರೆಸಿಕೊಂಡೆ.

ನಾಲೆಗೆ ನೀರು ಬಂತು. ನಾಟಿಗೆ ಬಂದಿದ್ದ ಹೆಂಗಸರಿಗೆ ಮಾದೇವಮ್ಮ ನನ್ನನ್ನು ತೋರಿಸಿ, "ಪರ್ವಾಗಿಲ್ಲ ಕಣ್ರವ್ವ, ನಮ್ ಸಾ ಯೇಳುದ್ ತಕ್ಸಣ ನಿಲ್ಲುಸ್ತರೆ" ಎಂದರು. ಈ ಸಲ ಹಾರವಿರಲಿಲ್ಲ. ಆದರೂ ನನ್ನ ಎದೆ ಒಂದಿಂಚು ಉಬ್ಬಿತು.

ಫ್ಯೂಸ್ ಮಾತ್ರ ಇನ್ನೂ ಅವರ ವಶದಲ್ಲೇ ಇದೆ; ದಿನಾ ಸಂಜೆ ಕಿತ್ತು ಮನೆಗೆ ಒಯ್ಯುತ್ತಾರೆ. ದಿನಾ ಬೆಳಿಗ್ಗೆ ನಾನು ಹೋಗಿ ಕೇಳಿ ಇಸಿದುಕೊಂಡು ಬರಬೇಕು!