ಬಸವ ನಿಲಯ ಒಂದು, ಬಸವ ನಿಲಯ ಎರಡು

ವೈಫೈ ಎಂದರೇನು ಮಹಾ, ನಾಲ್ಕು ಅಕ್ಷರ ಒತ್ತಿದರೆ ಮುಗಿಯಿತು ಎಂದು ನಾನು ಆ ಸಂಜೆ ನಾಲ್ಕು ಗಂಟೆಯವರೆಗೂ ನಂಬಿದ್ದೆ.

ನನ್ನ ಹೆಂಡತಿ ನೀಲಮ್ಮ ಆರು ವರ್ಷದಿಂದ ಚಿತ್ತಾಪುರದಿಂದ ಐನಾಪುರದ ಶಾಲೆಗೆ ಎರಡು ಬಸ್ಸು ಬದಲಿಸಿ ಹೋಗಿಬರುತ್ತಿದ್ದ ಟೀಚರು. ನಮ್ಮೂರಲ್ಲೇ ಒಂದು ಜಾಗ ಖಾಲಿಯಾಗಿತ್ತು. ವರ್ಗಾವಣೆ ಅರ್ಜಿ ತುಂಬಲು ಅಂದೇ ಐದು ಗಂಟೆಗೆ ಕೊನೆ. ಅದಕ್ಕೆಂದೇ ಶಾಲೆಯ ಲ್ಯಾಪ್‌ಟಾಪನ್ನು ಮೊದಲ ಸಲ ಮನೆಗೆ ತಂದಿದ್ದಳು.

“ಗಣಿತ ಮಾಸ್ತರ ಮನ್ಯಾಗಿರುವಾಗ ಚಿಂತಿ ಯಾಕ? ನೀ ಚಾ ಮಾಡು,” ಎಂದೆ.

ಪರದೆಯ ಮೇಲೆ ‘ಬಸವ ನಿಲಯ 1’, ‘ಬಸವ ನಿಲಯ 2’ ಎಂದು ಎರಡು ಹೆಸರು ಕಂಡವು. ನಮ್ಮ ಮನೆಯೂ ಬಸವ ನಿಲಯ, ಪಕ್ಕದ ಕಾಶಮ್ಮಕ್ಕನ ಮನೆಯೂ ಬಸವ ನಿಲಯ; ವೈಫೈ ಹಾಕಲು ಬಂದ ಹುಡುಗ ಎರಡಕ್ಕೂ ನಂಬರು ಕೊಟ್ಟು ಹೋಗಿದ್ದ. ಆದರೆ ಓಣಿಯಲ್ಲಿ ಮೊದಲು ಕಟ್ಟಿದ ಮನೆ ನಮ್ಮದು! ನಾನು ಎರಡನೆಯವನಾಗುವುದೆಂದರೇನು? ಒಂದನ್ನೇ ಒತ್ತಿ ಪಾಸ್‌ವರ್ಡ್ ಹಾಕಿದೆ.

ತಪ್ಪು ಎಂದಿತು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಪಾಸ್‌ವರ್ಡ್ ಒತ್ತಿದೆ. ತಪ್ಪು! ಬಂದ್ ಮಾಡಿ ಮತ್ತೆ ಚಾಲೂ ಮಾಡಿದೆ. ‘ಅಪ್‌ಡೇಟ್ ಆಗುತ್ತಿದೆ, ಆರಿಸಬೇಡಿ’ ಎಂದು ಅಪ್ಪಣೆ ಕೊಟ್ಟು ಅದು ಇಪ್ಪತ್ತು ನಿಮಿಷ ಧ್ಯಾನಕ್ಕೆ ಕುಳಿತಿತು.

“ರೀ, ಐದಕ್ಕ ಹತ್ತೇ ನಿಮಿಷ ಅದಾವ! ಏನ್ ಮಾಡಾಕತ್ತೀರಿ?” ನೀಲಮ್ಮ ಚಾ ತಂದು ಮೇಜಿನ ಮೇಲೆ ಕುಕ್ಕಿದಳು.

“ನಾ ಹೇಳ್ತೀನಿ, ನೀ ಒತ್ತು!” ಗಾಬರಿಯಲ್ಲಿ ನನ್ನ ಗಂಟಲು ತರಗತಿಯ ಮಟ್ಟಕ್ಕೇರಿತು. “ಮ್ಯಾಥ್ಸ್ ಹೀರೋ! ಮುಂದ ನೂರು!”

“ಇದಾ ಪಾಸ್‌ವರ್ಡ್? ನಾಚ್ಕಿ ಬರಲಿಲ್ಲೇನ್ರಿ?”

ಎನ್ನುತ್ತಲೇ ಅವಳು ಒತ್ತಿದಳು. ಮತ್ತೆ ತಪ್ಪು! ಅಷ್ಟರಲ್ಲಿ ಕಿಟಕಿಯಲ್ಲಿ ಕಾಶಮ್ಮಕ್ಕನ ಮುಖ ಕಂಡಿತು. ಕೈಯಲ್ಲಿ ಮೊಬೈಲು.

“ಮಾಸ್ತರ, ಸಾಕ್ ಮಾಡ್ರಿ ಒದರೋದು. ನಮ್ಮ ನೆಟ್ ಎರಡ್ ದಿನದಿಂದ ಬಂದ್ ಅದ. ನೀವು ಒದರಿದ್ದು ಕೇಳಿ ನಿಮ್ದೇ ಹಚ್ಕೊಂಡೀನಿ. ಎರಡನೇದು ನಿಮ್ದು. ಭಾಳ ಚಲೋ ಬರ್ಲಿಕತ್ತದ!”

ಅಂದರೆ ಇಷ್ಟು ಹೊತ್ತು ನಾನು ನಮ್ಮ ಕೀಲಿಯಿಂದ ಕಾಶಮ್ಮಕ್ಕನ ಬಾಗಿಲು ತೆರೆಯಲು ನೋಡುತ್ತಿದ್ದೆ!

ನೀಲಮ್ಮ ಲ್ಯಾಪ್‌ಟಾಪ್ ತನ್ನತ್ತ ಎಳೆದುಕೊಂಡು ಎರಡನ್ನು ಒತ್ತಿದಳು. ಒಂದೇ ಏಟಿಗೆ ಹತ್ತಿತು. ಐದಕ್ಕೆ ಎರಡು ನಿಮಿಷವಿರುವಾಗ ಅರ್ಜಿ ಹೋಯಿತು. ಚಾ ಆರಿ ಕೆನೆಗಟ್ಟಿತ್ತು, ಆದರೂ ಅಷ್ಟು ರುಚಿಯಾದ ಚಾ ನಾನು ಕುಡಿದಿಲ್ಲ.

ಈಗ ನೀಲಮ್ಮ ಊರಿನ ಶಾಲೆಗೇ ನಡೆದುಕೊಂಡು ಹೋಗುತ್ತಾಳೆ. ಕಾಶಮ್ಮಕ್ಕ ಮಾತ್ರ ದಿನಾ ಬೆಳಿಗ್ಗೆ ಕಟ್ಟೆಯ ಮೇಲಿಂದ ಕೇಳುತ್ತಾಳೆ:

“ಮ್ಯಾಥ್ಸ್ ಹೀರೋ, ಒಂದ್ ಆದ್ಮ್ಯಾಲ ಏನ್ ಬರ್ತದ್ರಿ?”

ಓಣಿಯವರೆಲ್ಲ ಕಿವಿ ನಿಮಿರಿಸುತ್ತಾರೆ. ನಾನು ತಲೆ ತಗ್ಗಿಸಿ, “ಎರಡು,” ಎಂದು ಒಪ್ಪಿಸಿ ಶಾಲೆಗೆ ಹೊರಡುತ್ತೇನೆ.